ಬಸ್ಸಿನ ಬಾಗಿಲಲ್ಲಿ ನ್ಯೂಟನ್ ನಿಯಮ



ಪ್ರಥಮ ಪಿಯುಸಿಯಲ್ಲಿ ಚಲನೆಯ ನಿಯಮಗಳ ಪಾಠ ಬಂದಾಗಲೆಲ್ಲ ನಾನು ಕೇಳುವ ಪ್ರಶ್ನೆ ಒಂದಿದೆ. ಹರಿಹರದಿಂದ ದಾವಣಗೆರೆಗೆ ಬರುವ ಬಸ್ಸು ಬಲಕ್ಕೆ ತಿರುಗಿದಾಗ ಫುಟ್‌ಬೋರ್ಡ್ ಮೇಲೆ ನಿಂತವನನ್ನು ಹೊರಗೆ ತಳ್ಳುವುದು ಯಾವುದು? "ಸೆಂಟ್ರಿಫ್ಯೂಗಲ್ ಫೋರ್ಸ್, ಸರ್" ಎಂದು ಅರ್ಧ ತರಗತಿ ಕೂಗುತ್ತದೆ. ರಸ್ತೆ ಬದಿಯಲ್ಲಿ ನಿಂತು ನೋಡುವವನಿಗೆ ಅಂಥ ಬಲವೇ ಇಲ್ಲ. ಅವನನ್ನು ಯಾರೂ ತಳ್ಳುತ್ತಿಲ್ಲ.

ಹೊರಗಿನ ಬಲ ಬೀಳದಿದ್ದರೆ ನಿಂತ ವಸ್ತು ನಿಂತೇ ಇರುತ್ತದೆ, ಚಲಿಸುವ ವಸ್ತು ಅದೇ ಜವದಲ್ಲಿ ನೇರವಾಗಿ ಸಾಗುತ್ತದೆ. ನ್ಯೂಟನ್ 1687ರಲ್ಲಿ ಪ್ರಕಟಿಸಿದ ಮೊದಲ ನಿಯಮ ಇದು. (ಗಾಳಿಯಂಥ ತಡೆ ಇಲ್ಲದಿದ್ದರೆ ಎಸೆದ ವಸ್ತುವಿನ ಚಲನೆ ನಿಲ್ಲದು ಎಂಬ ವಿಚಾರ ಅದಕ್ಕೂ ಆರು ಶತಮಾನ ಹಿಂದೆ ಇಬ್ನ್ ಸೀನಾ ಅವರಲ್ಲಿತ್ತು.) ಬ್ರೇಕ್ ಹಾಕಿದಾಗ ನಾವು ಮುಂದಕ್ಕೆ ವಾಲುವುದೂ ಇದರಿಂದಲೇ. ಪಾದವನ್ನು ಬಸ್ಸಿನ ನೆಲ ಘರ್ಷಣೆಯಿಂದ ತಡೆಯುತ್ತದೆ, ಮೇಲಿನ ದೇಹ ಹೋಗುತ್ತಲೇ ಇರುತ್ತದೆ.

ತಿರುವಿನಲ್ಲಿ ಬಸ್ಸನ್ನು ತಿರುಗಿಸುವುದು ಟೈರು ಮತ್ತು ರಸ್ತೆಯ ನಡುವಿನ ಘರ್ಷಣೆ. ಒಳಗೆ ಕೂತವನನ್ನು ಸೀಟು, ಪಕ್ಕದವನ ಭುಜ, ಬಸ್ಸಿನ ಗೋಡೆ ತಿರುಗಿಸುತ್ತವೆ. ಬಾಗಿಲು ಇರುವುದು ಎಡಕ್ಕೆ. ಬಸ್ಸು ಬಲಕ್ಕೆ ತಿರುಗಿದರೆ ದೇಹದ ನೇರ ದಾರಿ ಆ ಬಾಗಿಲಿನಿಂದಲೇ ಹೊರಗೆ ಹೋಗುತ್ತದೆ. ಅಲ್ಲಿ ಗೋಡೆಯಿಲ್ಲ. ಇರುವುದು ಕಂಬಿ ಹಿಡಿದ ಒಂದು ಕೈ, ಮೆಟ್ಟಿಲ ಮೇಲೆ ಅರ್ಧ ಪಾದ.

ಲೆಕ್ಕ ಹಾಕೋಣ. ಬೇಕಾದ ಬಲ ಎಂದರೆ ದ್ರವ್ಯರಾಶಿಯನ್ನು ಜವದ ವರ್ಗದಿಂದ ಗುಣಿಸಿ, ತಿರುವಿನ ತ್ರಿಜ್ಯದಿಂದ ಭಾಗಿಸಬೇಕು. ಹುಡುಗ 50 ಕೆ.ಜಿ., ತ್ರಿಜ್ಯ 75 ಮೀಟರ್ ಎಂದಿಟ್ಟುಕೊಳ್ಳಿ. ಗಂಟೆಗೆ 27 ಕಿ.ಮೀ., ಅಂದರೆ ಸೆಕೆಂಡಿಗೆ 7.5 ಮೀಟರ್ ಇದ್ದರೆ 37.5 ನ್ಯೂಟನ್ ಸಾಕು. 54 ಕಿ.ಮೀ. ಆದರೆ 150 ನ್ಯೂಟನ್ ಬೇಕು. ಜವ ಎರಡು ಪಟ್ಟು, ಬಲ ನಾಲ್ಕು ಪಟ್ಟು! 15 ಕೆ.ಜಿ. ಅಕ್ಕಿ ಚೀಲ ಒಂದೇ ಕೈಯಲ್ಲಿ ಹಿಡಿದಷ್ಟು. ಬೆನ್ನಿಗೆ 5 ಕೆ.ಜಿ. ಬ್ಯಾಗಿದ್ದರೆ ಇನ್ನೂ 15 ನ್ಯೂಟನ್ ಸೇರಿಸಿ. ಪಾದದ ಘರ್ಷಣೆ ಸ್ವಲ್ಪ ಪಾಲು ಹೊರುತ್ತದೆ ನಿಜ, ಆದರೆ ಮಳೆಗಾಲದಲ್ಲಿ ಮೆಟ್ಟಿಲು ಒದ್ದೆಯಾದರೆ ಅದನ್ನು ನಂಬುವ ಹಾಗಿಲ್ಲ.

ಕೈ ಜಾರಿದರೆ? ಸೆಕೆಂಡಿಗೆ 15 ಮೀಟರ್ ಜವದಲ್ಲಿ ನೇರವಾಗಿ ಹೋಗುವ ದೇಹಕ್ಕೆ ಕಂಬ ಅಡ್ಡ ಬಂದರೆ, ಆ ಹೊಡೆತ 11 ಮೀಟರ್ ಎತ್ತರದಿಂದ ಬಿದ್ದಷ್ಟು. ಮೂರಂತಸ್ತಿನ ಕಟ್ಟಡದ ತಾರಸಿ ನೆನಪಿಸಿಕೊಳ್ಳಿ.

ಬೆಳಗಿನ ಬಸ್ಸು ತುಂಬಿರುತ್ತದೆ, ನನಗೂ ಗೊತ್ತು. ಸೀಟು ಸಿಗದಿದ್ದರೂ ಎರಡು ಮೆಟ್ಟಿಲು ಹತ್ತಿ ಒಳಗೆ ನಿಂತರೆ ನಿಮ್ಮನ್ನು ತಿರುಗಿಸಲು ಗೋಡೆಯಾದರೂ ಇರುತ್ತದೆ.

ಗಂಟೆಗೆ 36 ಕಿ.ಮೀ. ಜವಕ್ಕೆ ಆ ಎತ್ತರ ಎಷ್ಟು? ಸೋಮವಾರ ಲೆಕ್ಕ ಮಾಡಿ ತನ್ನಿ. ಹರಿಹರದವರಿಗೆ ಸುಮಾರು 14 ಕಿ.ಮೀ. ದಾರಿಯಿದೆ, ಒಳಗೆ ನಿಂತೇ ಮಾಡಬಹುದು.