ಕೊಟ್ಟಿಗೆ ಕಂಬಕ್ಕೆ ಸಿಂಥೆಟಿಕ್ ಆಯಿಲ್

ನನ್ನ ಹಳೇ ಹತ್ತು ಗಾಲಿ ಲಾರಿಗೆ ಸಿಂಥೆಟಿಕ್ ಆಯಿಲ್ ಹಾಕಿಸಿದ್ದು ಮೂರು ವರ್ಷದ ಹಿಂದೆ, ಖಂಡೇನವಮಿಯ ಮುಂಚಿನ ದಿನ. ಹಬ್ಬದ ಹುರುಪು, ಕೈಯಲ್ಲಿ ಬಾಡಿಗೆಯ ರೊಕ್ಕ. ಮಿಸ್ತ್ರಿ ಡಬ್ಬಿ ಎತ್ತಿ ತೋರಿಸಿದ: “ಮಾಲಕ್ರ, ಇದು ಬೆಣ್ಣಿ ಇದ್ಹಂಗ ಐತ್ರಿ. ಒಮ್ಮೆ ಹಾಕಿಬಿಡ್ರಿ, ಚೇಂಬರ್ ಕಡೆ ನೋಡೂದ ಬ್ಯಾಡ.”

ಕುಮಾರಪಟ್ಟಣದಲ್ಲಿ ಲಾರಿ ಇಟ್ಟವರಿಗೆ ಕೆಲಸಕ್ಕೆ ಬರವಿಲ್ಲ. ಪಾಲಿಫೈಬರ್ಸ್ ಕಾರ್ಖಾನೆಗೆ ನೀಲಗಿರಿ ಕಟ್ಟಿಗೆ ಬರಬೇಕು, ಬ್ಯಾಡಗಿಯಿಂದ ಮೆಣಸಿನಕಾಯಿ ಹೋಗಬೇಕು, ರಾಣೆಬೆನ್ನೂರಿನಿಂದ ಬೀಜ, ಗೋವಿನಜೋಳ. ಹೊಳೆ ದಾಟಿದರೆ ಹರಿಹರ, ಮಗ್ಗುಲಲ್ಲೇ ಪುಣೆ-ಬೆಂಗಳೂರು ಹೆದ್ದಾರಿ. ಕೆಲಸವಿದೆ ಸರಿ, ವರ್ಷದ ಕೊನೆಗೆ ಉಳಿಯುವುದೆಷ್ಟು ಎಂದು ಕೂತು ಲೆಕ್ಕ ಹಾಕುವವರು ಕಡಿಮೆ. ಅವತ್ತು ನಾನೂ ಹಾಕಲಿಲ್ಲ. ಆಮೇಲೆ ಹಾಕಿದ್ದನ್ನು ಇಲ್ಲಿ ಕೊಡುತ್ತೇನೆ.

ನನ್ನ ಹಳೇ ಗಾಡಿ ವರ್ಷಕ್ಕೆ ಸುಮಾರು 72,000 ಕಿಲೋಮೀಟರ್ ಓಡುತ್ತದೆ. ಚೇಂಬರಿಗೆ 16 ಲೀಟರ್ ಆಯಿಲ್ ಬೇಕು. ಮಾಮೂಲಿ ಮಿನರಲ್ ಆಯಿಲ್ ಲೀಟರಿಗೆ 330 ರೂಪಾಯಿಯಂತೆ 5,280. ಫಿಲ್ಟರ್, ಕೂಲಿ 1,700 ಸೇರಿದರೆ 6,980. ಹದಿನೆಂಟು ಸಾವಿರಕ್ಕೊಮ್ಮೆ, ಅಂದರೆ ವರ್ಷಕ್ಕೆ ನಾಲ್ಕು ಸಲ: 27,920. ಸಿಂಥೆಟಿಕ್ ಲೀಟರಿಗೆ 620ರಂತೆ 9,920, ಅದೇ ಫಿಲ್ಟರ್, ಕೂಲಿ ಸೇರಿ 11,620. ಮೂವತ್ತಾರು ಸಾವಿರದವರೆಗೆ ಓಡಿಸಿದರೆ ಎರಡೇ ಸಲ, 23,240. ಉಳಿತಾಯ 4,680 ರೂಪಾಯಿ. ಒಂದು ಟೈರಿನ ಕಾಲುಭಾಗವೂ ಬರುವುದಿಲ್ಲ. ಹಳೇ ರೂಢಿಯಂತೆ ಹದಿನೆಂಟು ಸಾವಿರಕ್ಕೇ ಬಿಚ್ಚಿಸಿದಿರೋ, 18,560 ರೂಪಾಯಿ ಮೈಮೇಲೆ. ತುಟ್ಟಿ ಆಯಿಲು ಲಾಭ ಕೊಡಬೇಕಾದರೆ ಅದನ್ನು ದೂರ ಓಡಿಸುವ ಧೈರ್ಯ ಬೇಕು, ಆ ಧೈರ್ಯಕ್ಕೆ ತಕ್ಕ ಎಂಜಿನ್ ಬೇಕು.

ನನ್ನದು ಆಯಿಲ್ ಕುಡಿಯುವ ಎಂಜಿನ್. ಹದಿನೈದು ನೂರು ಕಿಲೋಮೀಟರಿಗೆ ಒಂದು ಲೀಟರ್ ಮೇಲೆ ಹಾಕಲೇಬೇಕು. ವರ್ಷಕ್ಕೆ 48 ಲೀಟರ್. ಲೀಟರಿಗೆ 290 ರೂಪಾಯಿ ಜಾಸ್ತಿ ಅಂದರೆ 13,920. ಉಳಿಯುವ 4,680 ಅಲ್ಲೇ ಸೈಲೆನ್ಸರ್ ಹೊಗೆಯಾಗಿ ಹೋಯಿತು, ಜೊತೆಗೆ ಇನ್ನೂ ಒಂಬತ್ತು ಸಾವಿರ.

ಡೀಸೆಲ್ ಉಳಿಯುತ್ತದಲ್ಲ ಎನ್ನುತ್ತಾರೆ. ಉಳಿಸುವುದು ಸಿಂಥೆಟಿಕ್ ಎಂಬ ಹೆಸರಲ್ಲ, ಆಯಿಲಿನ ತೆಳುವು. 15ಡಬ್ಲ್ಯು-40 ಬಿಟ್ಟು ಅದಕ್ಕಿಂತ ತೆಳುವಾದ 10ಡಬ್ಲ್ಯು-30 ಹಾಕಿದರೆ ನೂರಕ್ಕೆ ಒಂದು ಪಾಲು ಉಳಿಯಬಹುದು. ಲೀಟರಿಗೆ ನಾಲ್ಕು ಕಿಲೋಮೀಟರ್ ಕೊಡುವ ಗಾಡಿಗೆ ವರ್ಷಕ್ಕೆ 18,000 ಲೀಟರ್ ಡೀಸೆಲ್. ಅದರಲ್ಲಿ ಒಂದು ಪಾಲು ಅಂದರೆ 180 ಲೀಟರ್. ಸಣ್ಣ ಮಾತಲ್ಲ. ಆದರೆ ನನ್ನ ಗಾಡಿಯ ಪುಸ್ತಕದಲ್ಲಿ ಬರೆದಿರುವುದು 15ಡಬ್ಲ್ಯು-40, ಮಿಸ್ತ್ರಿ ಸುರಿದ ಸಿಂಥೆಟಿಕ್ಕೂ ಅದೇ ದಪ್ಪದ್ದು. ಇನ್ನು ಚಳಿಯಲ್ಲಿ ಬೇಗ ಸ್ಟಾರ್ಟ್ ಆಗುವ ಮಾತು. 15ಡಬ್ಲ್ಯು ಆಯಿಲನ್ನು ಪರೀಕ್ಷೆ ಮಾಡುವುದೇ ಸೊನ್ನೆಗಿಂತ 20 ಡಿಗ್ರಿ ಕೆಳಗಿನ ಚಳಿಯಲ್ಲಿ. ನಮ್ಮ ಸಂಕ್ರಾಂತಿಯ ನಸುಕಿಗೆ ಅದು ಬೇಕಾದಷ್ಟಾಯಿತು.

ಸಿಂಥೆಟಿಕ್ ಎಂಬ ಹೆಸರಿನದೂ ಒಂದು ಕಥೆ. 1999ರಲ್ಲಿ ಅಮೆರಿಕದಲ್ಲಿ ಮೊಬಿಲ್, ಕ್ಯಾಸ್ಟ್ರಾಲ್ ನಡುವೆ ಜಾಹೀರಾತಿನ ತಕರಾರು ನಡೆದು, ಕಚ್ಚಾತೈಲವನ್ನೇ ಚೆನ್ನಾಗಿ ಸಂಸ್ಕರಿಸಿ ಮಾಡಿದ ಎಣ್ಣೆಯನ್ನೂ ಸಿಂಥೆಟಿಕ್ ಎಂದು ಮಾರಬಹುದು ಎಂದಾಯಿತು. ಹಾಗಾಗಿ ಡಬ್ಬಿಯ ಮುಂದಿನ ದೊಡ್ಡಕ್ಷರಕ್ಕಿಂತ ಹಿಂದಿನ ಸಣ್ಣಕ್ಷರ ಓದಿ.

ನನಗೆ ಬುದ್ಧಿ ಬಂದದ್ದು ಮಾತ್ರ ಲೆಕ್ಕದಿಂದಲ್ಲ, ಧೂಳಿನಿಂದ. ನೀಲಗಿರಿ ಪ್ಲಾಟುಗಳಿಗೆ ಡಾಂಬರು ರಸ್ತೆ ಇರುವುದಿಲ್ಲ. ಬೇಸಿಗೆಯಲ್ಲಿ ಮುಂದಿನ ಗಾಡಿ ಎಬ್ಬಿಸಿದ ಕೆಮ್ಮಣ್ಣು ಹಿಂದಿನ ಗಾಡಿಗೆ ಊಟ. ಆಯಿಲ್ ಹಾಕಿ 22,000 ಕಿಲೋಮೀಟರ್ ಆಗಿತ್ತು. ಎಳೆತ ಕಡಿಮೆಯಾಗಿದೆ ಎಂದು ಡ್ರೈವರ್ ಹೇಳಿದ. ಏರ್ ಫಿಲ್ಟರಿನಿಂದ ಟರ್ಬೋಗೆ ಹೋಗುವ ರಬ್ಬರ್ ಪೈಪನ್ನು ಕಳಚಿ ಒಳಗೆ ಬೆರಳಾಡಿಸಿದೆ, ಬೆರಳು ಕುಂಕುಮ ಮುಟ್ಟಿದಂತೆ ಕೆಂಪು. ಪೈಪು ಕ್ಲಿಪ್ಪಿನ ಹತ್ತಿರ ಗೇಣುದ್ದ ಸೀಳಿತ್ತು. ಗಾಳಿಯ ಜೊತೆ ಒಳಗೆ ಹೋದ ಮಣ್ಣು ಆಯಿಲಿನಲ್ಲಿ ಕೂತು ಬೇರಿಂಗು, ಲೈನರ್ ಉಜ್ಜುತ್ತದೆ. ಅದಕ್ಕೆ ಸಿಂಥೆಟಿಕ್ಕೂ ಒಂದೇ, ಮಿನರಲ್ಲೂ ಒಂದೇ. ಬಸಿಯದೆ ಗತಿಯಿಲ್ಲ.

ಬಸಿದೆವು. ಪಕ್ಕದ ಮನೆಯ ಕಾಕಾ ಕ್ಯಾನು ಹಿಡಿದುಕೊಂಡು ಬಂದರು, ದನದ ಕೊಟ್ಟಿಗೆಯ ಕಂಬಕ್ಕೆ ಬಳಿದರೆ ಗೆದ್ದಲು ಹತ್ತುವುದಿಲ್ಲವಂತೆ. ಲೀಟರಿಗೆ 620 ರೂಪಾಯಿಯ ಆಯಿಲ್ ಬಳಿದ ಕೊಟ್ಟಿಗೆ ನಮ್ಮ ತಾಲ್ಲೂಕಿನಲ್ಲಿ ಅದೊಂದೇ ಇರಬೇಕು.

ಆಯಿಲ್ ಕಪ್ಪಾಯಿತು ಎಂದು ಗಾಬರಿಯಾಗುವವರಿಗೆ ಒಂದು ಮಾತು. ಡೀಸೆಲ್ ಎಂಜಿನ್ನಿನಲ್ಲಿ ಆಯಿಲ್ ಬೇಗ ಕಪ್ಪಾಗಬೇಕಾದ್ದೇ. ಮಸಿಯನ್ನು ತಳಕ್ಕೆ ಕೂರಲು ಬಿಡದೆ ಹಿಡಿದುಕೊಂಡಿದೆ ಎಂದರ್ಥ. ಹಾಲು ಕಲಸಿದ ಚಹಾದ ಬಣ್ಣಕ್ಕೆ ತಿರುಗಿದರೆ ಮಾತ್ರ ಗಾಡಿ ನಿಲ್ಲಿಸಿ, ಒಳಗೆ ನೀರು ಸೇರಿದೆ.

ನನ್ನ ಇನ್ನೊಂದು ಲಾರಿ 2022ರದು, ಬಿಎಸ್-6. ಅದರ ಲೆಕ್ಕವೇ ಬೇರೆ. ಸೈಲೆನ್ಸರಿನಲ್ಲಿ ಮಸಿ ಹಿಡಿಯುವ ಫಿಲ್ಟರ್ ಇದೆ, ಬೂದಿ ಜಾಸ್ತಿ ಬಿಡುವ ಹಳೇ ಸಿಐ-4 ದರ್ಜೆಯ ಆಯಿಲ್ ಹಾಕಿದರೆ ಅದು ಕಟ್ಟಿಕೊಳ್ಳುತ್ತದೆ. ಅದಕ್ಕೆ ಸಿಕೆ-4, ಇಲ್ಲವೇ ಪುಸ್ತಕ ಹೇಳಿದ ಆಯಿಲೇ ಆಗಬೇಕು, ಬೆಲೆ ಕೇಳುವಂತಿಲ್ಲ. ಬೆಂಗಳೂರು ಲೈನಿನಲ್ಲಿ ಡಾಂಬರಿನ ಮೇಲೇ ಓಡುವ ಗಾಡಿ, ಆಯಿಲ್ ಕುಡಿಯುವುದಿಲ್ಲ, ಗ್ಯಾರೇಜಿನಲ್ಲಿ ಒಂದು ದಿನ ನಿಂತರೆ ಒಂದು ದಿನದ ಬಾಡಿಗೆ ಹೋಯಿತು. ಅಲ್ಲಿ ತುಟ್ಟಿ ಆಯಿಲು ತನ್ನ ರೊಕ್ಕ ತಾನೇ ದುಡಿದು ಕೊಡುತ್ತಿದೆ. ಇಂಥ ಗಾಡಿ ಇದ್ದವರು ಧೈರ್ಯವಾಗಿ ಹಾಕಿಸಿ, ಪಕ್ಕಾ ಬಿಲ್ಲು ಕೇಳಿ ಪಡೆಯಿರಿ, ಖಾಲಿ ಡಬ್ಬಿಗೆ ತೂತು ಹೊಡೆದು ಬಿಸಾಡಿ. ಇಲ್ಲದಿದ್ದರೆ ಅದೇ ಡಬ್ಬಿಯಲ್ಲಿ ನಕಲಿ ಆಯಿಲ್ ತುಂಬಿ ಮತ್ತೆ ನಿಮಗೇ ಮಾರುತ್ತಾರೆ.

ಹಳೇ ಲಾರಿಗೆ ಹೊಸ ರಬ್ಬರ್ ಪೈಪು, ಎರಡು ಕ್ಲಿಪ್ಪು ಹಾಕಿಸಿದ್ದೇನೆ. ಡ್ರೈವರ್ ಬಾಗಿಲಿನ ಒಳಗಡೆ ಬಿಳಿ ಬಣ್ಣದಲ್ಲಿ ಬರೆದಿದೆ: ಮುಂದಿನ ಆಯಿಲ್ 6,42,000, ಮಿನರಲ್.