ಲೈಂಗಿಕ ಸಂಪರ್ಕದಿಂದ ಹರಡುವ ಸೋಂಕುಗಳು: ಗುರುತಿಸುವ ಬಗೆ ಹಾಗೂ ಪಂಚಾಯತ್ ಸದಸ್ಯರ ಪಾತ್ರ

ಈ ಸೋಂಕುಗಳನ್ನು ಅವುಗಳ ಹೆಸರು ಹಿಡಿದು ಕರೆಯುವ ವಾಡಿಕೆ ಕರಾವಳಿಯ ಗ್ರಾಮಗಳಲ್ಲಿ ಇಲ್ಲ. ಮೂತ್ರ ವಿಸರ್ಜಿಸುವಾಗ ಉರಿಯಾದರೆ ಅದಕ್ಕೆ ‘ಉಷ್ಣ’ ಎಂದು ಹೆಸರಿಟ್ಟು, ಎಳನೀರು, ಜೀರಿಗೆ ಕಷಾಯ, ಪುನರ್ಪುಳಿ ಶರಬತ್ತು ಕುಡಿದು ದಿನ ಕಳೆಯುವವರೇ ಹೆಚ್ಚು. ಪುನರ್ಪುಳಿ ಬೇಸಿಗೆಗೆ ಹಿತವಾದದ್ದು. ಗೊನೊರಿಯಾದ ಮೇಲೆ ಅದರ ಪ್ರಭಾವ ಏನೂ ಇಲ್ಲ.

ಗೊನೊರಿಯಾ ತಗಲಿದ ಪುರುಷರಲ್ಲಿ ಸಾಮಾನ್ಯವಾಗಿ ಎರಡರಿಂದ ಏಳು ದಿನಗಳೊಳಗೆ ಮೂತ್ರದ್ವಾರದಿಂದ ಕೀವು ಬರುವುದು ಮತ್ತು ಉರಿ ಕಾಣಿಸಿಕೊಳ್ಳುತ್ತವೆ. ಕ್ಲಮೀಡಿಯ ತುಸು ನಿಧಾನವಾಗಿ, ಒಂದರಿಂದ ಮೂರು ವಾರಗಳಲ್ಲಿ, ತೆಳುವಾದ ಸ್ರಾವದೊಂದಿಗೆ ಬರುತ್ತದೆ. ಮಹಿಳೆಯರಲ್ಲಿ ಈ ಎರಡೂ ಸೋಂಕುಗಳು ಬಹುಮಟ್ಟಿಗೆ ಯಾವ ಲಕ್ಷಣವನ್ನೂ ತೋರಿಸದೆ ಇರಬಲ್ಲವು. ಕೆಳಹೊಟ್ಟೆಯ ನೋವು, ಸಂಭೋಗದ ವೇಳೆ ನೋವು, ಮುಟ್ಟಿನ ನಡುವೆ ರಕ್ತ ಕಾಣುವುದು, ಇಷ್ಟೇ ಸುಳಿವು. ಬೀಡಿ ಕಟ್ಟಲು ಗಂಟೆಗಟ್ಟಲೆ ಕುಳಿತೇ ಇರುವವರು ಆ ನೋವನ್ನು ಕೆಲಸದ ನೋವೆಂದೇ ಬಗೆಯುತ್ತಾರೆ. ಚಿಕಿತ್ಸೆಯಿಲ್ಲದೆ ಸೋಂಕು ಗರ್ಭನಾಳಕ್ಕೆ ಏರಿದರೆ ನಾಳ ಮುಚ್ಚಿಹೋಗಿ ಬಂಜೆತನ ಬರಬಹುದು. ಮಕ್ಕಳಾಗಲಿಲ್ಲವೆಂಬ ದೂಷಣೆ ಆಗ ಹೆಂಡತಿಯ ಮೇಲೆ ಬೀಳುತ್ತದೆ. ಸೋಂಕು ಎಲ್ಲಿಂದ ಬಂತೆಂದು ಯಾರೂ ಕೇಳುವುದಿಲ್ಲ.

ಹಾಗೆಂದು ಬಿಳುಪು ಹೋಗುವುದೆಲ್ಲ ಲೈಂಗಿಕ ರೋಗವಲ್ಲ. ಮುಟ್ಟಿನ ಚಕ್ರದ ನಡುವೆ ವಾಸನೆಯಿಲ್ಲದ ತಿಳಿಸ್ರಾವ ಸಹಜ. ಮೊಸರಿನ ಕೆನೆಯಂತಹ ಸ್ರಾವ ಮತ್ತು ತುರಿಕೆ ಇದ್ದರೆ ಅದು ಹೆಚ್ಚಾಗಿ ಶಿಲೀಂಧ್ರದ ಸೋಂಕು. ಮಧುಮೇಹ ಇರುವವರಲ್ಲಿ ಅದು ಮರಳಿ ಮರಳಿ ಬರುತ್ತದೆ. ನೊರೆನೊರೆಯಾದ, ಹಳದಿ ಅಥವಾ ಹಸಿರು ಬಣ್ಣದ, ದುರ್ವಾಸನೆಯ ಸ್ರಾವವಿದ್ದರೆ ಟ್ರೈಕೊಮೊನಾಸ್ ಸೋಂಕನ್ನು ಶಂಕಿಸಬೇಕು. ಪರೀಕ್ಷೆಗೆ ಮೊದಲೇ ಗಂಡ ಹೆಂಡಿರ ನಡುವೆ ಸಂಶಯ ಹುಟ್ಟಿಸುವ ಮಾತನ್ನು ಯಾರೂ ಆಡಬಾರದು.

ಎಲ್ಲಕ್ಕಿಂತ ಹೆಚ್ಚು ಮೋಸಗೊಳಿಸುವುದು ಸಿಫಿಲಿಸ್. 16ನೇ ಶತಮಾನದ ‘ಭಾವಪ್ರಕಾಶ’ ಎಂಬ ವೈದ್ಯಗ್ರಂಥವು ಇದನ್ನು ಫಿರಂಗ ರೋಗವೆಂದು ಕರೆದಿದೆ. ಪೋರ್ಚುಗೀಸರು ಕರಾವಳಿಗೆ ಬಂದ ಕಾಲದ ನೆನಪು ಆ ಹೆಸರಿನಲ್ಲಿಯೇ ಇದೆ. ಸೋಂಕು ತಗಲಿದ ಸುಮಾರು ಮೂರು ವಾರಗಳ ಬಳಿಕ (10ರಿಂದ 90 ದಿನಗಳ ಅಂತರದಲ್ಲಿ) ಜನನಾಂಗದಲ್ಲಿ ಒಂದು ಗಟ್ಟಿ ಹುಣ್ಣು ಏಳುತ್ತದೆ. ಅದು ನೋಯುವುದಿಲ್ಲ. ಮೂರರಿಂದ ಆರು ವಾರಗಳಲ್ಲಿ ತಾನಾಗಿ ಮಾಯುತ್ತದೆ. ಔಷಧ ಅಂಗಡಿಯಿಂದ ತಂದ ಮುಲಾಮಿನಿಂದಲೇ ಗುಣವಾಯಿತೆಂದು ರೋಗಿ ನಂಬುತ್ತಾನೆ. ರೋಗಾಣು ಮಾತ್ರ ರಕ್ತದಲ್ಲಿಯೇ ಉಳಿದಿರುತ್ತದೆ. ಕೆಲವು ವಾರಗಳ ಬಳಿಕ ಅಂಗೈ, ಅಂಗಾಲುಗಳಲ್ಲಿಯೂ ತುರಿಕೆಯಿಲ್ಲದ ಕಲೆಗಳು ಮೂಡಬಹುದು. ಅವೂ ಮರೆಯಾಗುತ್ತವೆ. ವರ್ಷಗಳ ನಂತರ ಹೃದಯ, ಮಿದುಳು, ಕಣ್ಣುಗಳಿಗೆ ಹಾನಿಯಾದಾಗ ಆ ಹಳೆಯ ಹುಣ್ಣು ಯಾರ ನೆನಪಿನಲ್ಲಿಯೂ ಇರುವುದಿಲ್ಲ.

ಗರ್ಭಿಣಿಯಲ್ಲಿ ಈ ಸೋಂಕು ಇದ್ದರೆ ಗರ್ಭಪಾತವಾಗಬಹುದು, ಶಿಶು ಸತ್ತು ಹುಟ್ಟಬಹುದು, ಇಲ್ಲವೆ ಮೂಳೆ, ಕಣ್ಣು, ಕಿವಿಗಳ ದೋಷದೊಂದಿಗೆ ಜನಿಸಬಹುದು. ಬೆರಳ ತುದಿಯ ಒಂದು ಹನಿ ರಕ್ತದ ಪರೀಕ್ಷೆಯಿಂದ ಇದು ತಿಳಿಯುತ್ತದೆ. ಪೆನಿಸಿಲಿನ್ ಚುಚ್ಚುಮದ್ದು ತಾಯಿಯನ್ನೂ ಗರ್ಭದೊಳಗಿನ ಶಿಶುವನ್ನೂ ಒಟ್ಟಿಗೆ ಕಾಪಾಡುತ್ತದೆ. ಇಷ್ಟು ಹಳೆಯ, ಇಷ್ಟು ಅಗ್ಗದ ಔಷಧ ಕೈಯಲ್ಲಿರುವಾಗ ಒಂದು ಮಗುವೂ ಈ ಕಾರಣಕ್ಕೆ ಸಾಯಬಾರದು. ಗರ್ಭ ಧರಿಸಿದ ಮೊದಲ ಮೂರು ತಿಂಗಳೊಳಗೆ ಎಚ್.ಐ.ವಿ. ಮತ್ತು ಸಿಫಿಲಿಸ್ ಪರೀಕ್ಷೆ ಆಗಿದೆಯೇ ಎಂಬುದನ್ನು ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಯ ಸಭೆಯಲ್ಲಿ ಸದಸ್ಯರು ಆಶಾ ಕಾರ್ಯಕರ್ತೆಯನ್ನು ಕೇಳಬೇಕು. ಎಷ್ಟು ಮಂದಿ ನೋಂದಣಿಯಾದರು, ಎಷ್ಟು ಮಂದಿಗೆ ಪರೀಕ್ಷೆಯಾಯಿತು ಎಂಬ ಎರಡು ಸಂಖ್ಯೆಗಳು ಸಾಕು. ಹೆಸರು ಮತ್ತು ಫಲಿತಾಂಶವನ್ನು ಕೇಳುವಂತಿಲ್ಲ, ನಡವಳಿ ಪುಸ್ತಕದಲ್ಲಿ ಬರೆಯುವಂತೆಯೂ ಇಲ್ಲ. ಬಾಡಿಗೆ ಕೋಣೆಗಳಲ್ಲಿ ನೆಲೆಸಿ ಬಂದರಿನಲ್ಲಿಯೋ ಕಟ್ಟಡ ಕಾಮಗಾರಿಯಲ್ಲಿಯೋ ದುಡಿಯುವ ಹೊರ ಊರಿನ ಕುಟುಂಬಗಳ ಗರ್ಭಿಣಿಯರು ಈ ಎಣಿಕೆಯಿಂದ ಬಿಟ್ಟುಹೋಗುವ ಸಂಭವ ಹೆಚ್ಚು.

ನೋವಿನಿಂದ ಕೂಡಿದ ಸಣ್ಣ ನೀರ್ಗುಳ್ಳೆಗಳ ಗುಂಪು ಹರ್ಪಿಸ್‌ನ ಲಕ್ಷಣ. ಅದು ಪೂರ್ತಿ ಹೋಗದಿದ್ದರೂ ಔಷಧದಿಂದ ಹತೋಟಿಗೆ ಬರುತ್ತದೆ. ನರುಲಿಯಂತಹ ಬೆಳವಣಿಗೆಗೆ ಎಚ್.ಪಿ.ವಿ. ವೈರಾಣು ಕಾರಣ; ಅದೇ ವೈರಾಣುವಿನ ಬೇರೆ ಪ್ರಭೇದಗಳು ಗರ್ಭಕಂಠದ ಕ್ಯಾನ್ಸರ್ ತರುತ್ತವೆ. ಯಾವ ಹುಣ್ಣೇ ಇದ್ದರೂ ಎಚ್.ಐ.ವಿ. ತಗಲುವ ಅಪಾಯ ಹೆಚ್ಚುವುದರಿಂದ ಆ ಪರೀಕ್ಷೆಯನ್ನೂ ಮಾಡಿಸಬೇಕು.

ಜಿಲ್ಲಾ ಆಸ್ಪತ್ರೆಗಳಲ್ಲಿ ಇದಕ್ಕೆಂದೇ ‘ಸುರಕ್ಷಾ ಕ್ಲಿನಿಕ್’ ವ್ಯವಸ್ಥೆ ಇದೆ. ಈ ಜಿಲ್ಲೆಗೆ ಮಂಗಳೂರಿನ ವೆನ್‌ಲಾಕ್ ಜಿಲ್ಲಾ ಆಸ್ಪತ್ರೆ. ಮಹಿಳೆಯರು ಲೇಡಿಗೋಷನ್ ಆಸ್ಪತ್ರೆಯಲ್ಲಿಯೂ ವೈದ್ಯರನ್ನು ಕಾಣಬಹುದು. ಲಕ್ಷಣಕ್ಕೆ ಅನುಗುಣವಾಗಿ ಬೂದು, ಹಸಿರು, ಬಿಳಿ ಮೊದಲಾದ ಬಣ್ಣದ ಪೊಟ್ಟಣಗಳಲ್ಲಿ ಔಷಧವನ್ನು ಉಚಿತವಾಗಿ ಕೊಡುವ ಪದ್ಧತಿ ಇದೆ. ಅಂಗಡಿಯಲ್ಲಿ ಎರಡು ಗುಳಿಗೆ ಕೇಳಿ ನುಂಗುವುದರಿಂದ ಲಕ್ಷಣ ಮರೆಯಾಗಿ ರೋಗ ಉಳಿಯುತ್ತದೆ. ಗೊನೊರಿಯಾ ಹಲವು ಔಷಧಗಳಿಗೆ ಈಗಾಗಲೇ ಬಗ್ಗದಂತಾಗಿದೆ. ಸಂಗಾತಿಗೂ ಜೊತೆಯಲ್ಲಿಯೇ ಚಿಕಿತ್ಸೆ ಆಗದಿದ್ದರೆ ಗುಣವಾದವರಿಗೆ ಮತ್ತೆ ಸೋಂಕು ತಗಲುತ್ತದೆ. ಮಾತಿಗೆ ಒಪ್ಪದ ಗಂಡನನ್ನು ಆಸ್ಪತ್ರೆಗೆ ಕಳುಹಿಸುವ ಕೆಲಸ ಆಶಾ ಕಾರ್ಯಕರ್ತೆಗಿಂತ ಪುರುಷ ಸದಸ್ಯರಿಂದ ಸುಲಭವಾಗಿ ಆಗಬಹುದು.

ನಂಬಿ ಹೇಳಿದ ಮಾತು ಊರಿನಲ್ಲಿ ಹರಡಿದರೆ ಮುಂದಿನವರು ಯಾರೂ ಬಾಯಿ ಬಿಡರು. ಎಚ್.ಐ.ವಿ. ಸೋಂಕಿತರ ಮಾಹಿತಿಯ ಗೋಪ್ಯತೆಗೆ 2017ರ ಎಚ್.ಐ.ವಿ. ಮತ್ತು ಏಡ್ಸ್ ಅಧಿನಿಯಮದ ರಕ್ಷಣೆಯೂ ಇದೆ. ಎದುರು ನಿಂತು ಮಾತಾಡಲು ಸಂಕೋಚಪಡುವವರಿಗೆ 1097 ಎಂಬ ಉಚಿತ ಸಹಾಯವಾಣಿಯ ಸಂಖ್ಯೆಯನ್ನು ಪಂಚಾಯತ್ ಕಚೇರಿಯ ಫಲಕದಲ್ಲಿ ಬರೆಸಬಹುದು.