ಸೋತವನ ಜೇಬಿನ ಲೆಕ್ಕ

ಬೇಸಿಗೆ ರಜೆಗೆ ಬಂದಿದ್ದ ತಂಗಿಯ ಮಗ ಜಗಲಿಯ ಮೇಲೆ ಕೂತು ಹಳೆಯದೊಂದು ಗೇಮ್ ಬಾಯ್ ಅಡ್ವಾನ್ಸ್ ಒತ್ತುತ್ತಿದ್ದ. ಪಕ್ಕದಲ್ಲಿ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದ ಅಮ್ಮ ಕನ್ನಡಕ ಮೇಲೇರಿಸಿ ಪರದೆಗೆ ಇಣುಕಿದಳು. ಕಾಡಿನ ನಡುವೆ ಬಲೆ ಹಿಡಿದ ಪುಟ್ಟ ಹುಡುಗನೊಬ್ಬ ನಿಂತಿದ್ದ. ಒಂದು ಸಣ್ಣ ಕಾಳಗ ನಡೆದು ಅವನು ಸೋತ. ಕೊನೆಗೆ 72 ಅಂತ ಒಂದು ಅಂಕಿ ಬಂತು.

"ಅದೇನೋ ಎಪ್ಪತ್ತೆರಡು?"

"ದುಡ್ಡು ಅಜ್ಜಿ. ಗೆದ್ದೆನಲ್ಲ."

"ಯಾರ ದುಡ್ಡು?"

"ಅವನದೇ."

"ಅಯ್ಯೋ, ಹುಳ ಹಿಡ್ಕೊಂಡು ತಿರುಗೋ ಮಗೂ ಕೈಯಿಂದ ದುಡ್ಡು ಕಿತ್ಕೊಂಡ್ಯೇನೋ!"

ಹುಡುಗ ನಕ್ಕು ಮುಂದೆ ಹೋದ. ನನಗೆ ಮಾತ್ರ ಆ ಪ್ರಶ್ನೆ ಅಲ್ಲಿಗೆ ಮುಗಿಯಲಿಲ್ಲ. ಶಾಲೆಯಲ್ಲಿ ಗಣಿತ ಹೇಳಿಕೊಡುವವನು ನಾನು. ಪೋಕೆಮಾನ್ ಎಂದರೇನೆಂದೇ ತಿಳಿಯದವರಿಗೆ ಆ ಲೋಕವನ್ನು ಪರಿಚಯಿಸಲು ಅಮ್ಮನ ಈ ಪ್ರಶ್ನೆಗಿಂತ ಒಳ್ಳೆಯ ಬಾಗಿಲು ಸಿಗಲಿಕ್ಕಿಲ್ಲ ಅನ್ನಿಸಿತು. ಹಾಗಾಗಿ ಮೊದಲಿನಿಂದ ಹೇಳುತ್ತೇನೆ. ಆಟ ಆಡಿ ಗೊತ್ತಿರಬೇಕಾಗಿಲ್ಲ, ಗುಣಾಕಾರ ಗೊತ್ತಿದ್ದರೆ ಸಾಕು.

ಪೋಕೆಮಾನ್ ಮೊದಲು ಬಂದದ್ದು 1996ರ ಫೆಬ್ರವರಿಯಲ್ಲಿ, ಜಪಾನಿನಲ್ಲಿ. ನಿಂಟೆಂಡೋದ ಗೇಮ್ ಬಾಯ್ ಎಂಬ ಅಂಗೈಯಗಲದ ಯಂತ್ರಕ್ಕೆ ಗೇಮ್ ಫ್ರೀಕ್ ಎಂಬ ಸಂಸ್ಥೆ ರೆಡ್, ಗ್ರೀನ್ ಎಂಬ ಜೋಡಿ ಆಟಗಳನ್ನು ಮಾಡಿತು. ಅದರ ಹಿಂದಿದ್ದ ಸತೋಶಿ ತಾಜಿರಿಗೆ ಬಾಲ್ಯದಲ್ಲಿ ಹುಳುಹುಪ್ಪಟೆ ಹಿಡಿಯುವ ಹುಚ್ಚಿತ್ತು. ಅಂದರೆ ಅಮ್ಮ ಮರುಗಿದ ಆ ಬಲೆಯ ಹುಡುಗ ಒಂದು ರೀತಿಯಲ್ಲಿ ಆಟ ಕಟ್ಟಿದವನೇ! ಆಟದಲ್ಲಿ ನೀವು ಊರು ಬಿಟ್ಟು ಹೊರಟ ಎಳೆಯ ಪ್ರಾಯದವರು. ಕಾಡುಮೇಡಿನಲ್ಲಿ ಸಿಗುವ ವಿಚಿತ್ರ ಜೀವಿಗಳನ್ನು ಹಿಡಿದು ಪಳಗಿಸುತ್ತೀರಿ, ನಿಮ್ಮಂತೆಯೇ ಪಳಗಿಸಿದ ಬೇರೆಯವರ ಜೀವಿಗಳೊಂದಿಗೆ ಕಾದಾಡಿಸುತ್ತೀರಿ. ಹೀಗೆ ಪಳಗಿಸುವವರಿಗೆ ಟ್ರೇನರ್ ಎಂದು ಹೆಸರು. ಜೀವಿ ಎಷ್ಟು ಬಲಿತಿದೆ ಎಂಬುದನ್ನು ಲೆವೆಲ್ ಎಂಬ ಅಂಕಿ ಹೇಳುತ್ತದೆ. ಊರೂರಿಗೆ ಒಬ್ಬೊಬ್ಬ ಗರಡಿಯ ಗುರು ಇರುತ್ತಾನೆ, ಅವನು ಜಿಮ್ ಲೀಡರ್. ಅವನನ್ನು ಸೋಲಿಸಿದರೆ ಒಂದು ಬ್ಯಾಡ್ಜ್ ಸಿಗುತ್ತದೆ. ಎಂಟು ಬ್ಯಾಡ್ಜ್ ಆದ ಮೇಲೆ ಕೊನೆಯ ಮಹಾಮಲ್ಲರ ಬಳಿಗೆ ದಾರಿ. ಆಟವೆಂದರೆ ಇಷ್ಟೇ.

ಈಗ ದುಡ್ಡಿನ ವಿಚಾರ. ಪೋಕೆಮಾನ್‌ಗಿಂತ ಹತ್ತು ವರ್ಷ ಮೊದಲು, 1986ರಲ್ಲಿ, ಜಪಾನಿನಲ್ಲೇ ಡ್ರ್ಯಾಗನ್ ಕ್ವೆಸ್ಟ್ ಎಂಬ ಆಟ ಬಂದಿತ್ತು. ಅದರಲ್ಲಿ ಕಾಡಿನಲ್ಲಿ ಎದುರಾದ ಭೂತ, ಬಾವಲಿ, ಲೋಳೆಯ ಮುದ್ದೆ ಯಾವುದನ್ನು ಕೊಂದರೂ ಚಿನ್ನದ ನಾಣ್ಯ ಸಿಗುತ್ತಿತ್ತು. ಲೋಳೆ ಮುದ್ದೆಗೆ ಸೊಂಟದ ಚೀಲ ಎಲ್ಲಿತ್ತು ಅಂತ ಯಾರೂ ಕೇಳಲಿಲ್ಲ. ಪೋಕೆಮಾನ್ ಈ ವಿಷಯದಲ್ಲಿ ಸ್ವಲ್ಪ ನಾಚಿಕೆಯುಳ್ಳದ್ದು. ಕಾಡಿನ ಜೀವಿಯನ್ನು ಎಷ್ಟು ಸಲ ಸೋಲಿಸಿದರೂ ಅದು ಕಾಸು ಉದುರಿಸುವುದಿಲ್ಲ. ಜೇಬು ಇದ್ದವರಿಂದ ಮಾತ್ರ ದುಡ್ಡು, ಅಂದರೆ ಮನುಷ್ಯರಿಂದ. ಅದಕ್ಕೇ ದಾರಿಯುದ್ದಕ್ಕೂ ಅಷ್ಟೊಂದು ಜನ ಸುಮ್ಮನೆ ನಿಂತಿರುತ್ತಾರೆ. ಅವರ ದೃಷ್ಟಿಗೆ ಅಡ್ಡ ಬಂದರೆ ಕಾಳಗ ಆಗಲೇಬೇಕು. ತಪ್ಪಿಸಿಕೊಂಡು ಓಡುವಂತಿಲ್ಲ.

ಎಷ್ಟು ದುಡ್ಡು ಎಂಬುದಕ್ಕೆ ಒಂದೇ ಸೂತ್ರ. ಟ್ರೇನರ್‌ಗಳಲ್ಲಿ ಜಾತಿಗಳಿವೆ. ಹುಳ ಹಿಡಿಯುವವನು, ಚಡ್ಡಿ ಹುಡುಗ, ಸೂಟು ತೊಟ್ಟ ದೊಡ್ಡ ಮನುಷ್ಯ, ಜಿಮ್ ಲೀಡರ್, ಹೀಗೆ. ಒಂದೊಂದು ಜಾತಿಗೆ ಒಂದು ದರ. 1996ರ ಆಟದಲ್ಲಿ ಹುಳ ಹಿಡಿಯುವವನ ದರ 10, ಚಡ್ಡಿ ಹುಡುಗನದು 15, ದೊಡ್ಡ ಮನುಷ್ಯನದು 70, ಜಿಮ್ ಲೀಡರ್‌ದು 99. ಆ ದರವನ್ನು ಅವನ ತಂಡದ ಕೊನೆಯ ಜೀವಿಯ ಲೆವೆಲ್‌ನಿಂದ ಗುಣಿಸಿದರೆ ನಿಮ್ಮ ಕೈಗೆ ಬರುವ ಮೊತ್ತ. ಬಲೆಯ ಹುಡುಗನ ಕೊನೆಯ ಜೀವಿ 6ನೇ ಲೆವೆಲ್‌ನ ಕಂಬಳಿಹುಳ, ಹತ್ತಾರಲೇ ಅರವತ್ತು. ಮೊದಲ ಜಿಮ್ ಲೀಡರ್ ಬ್ರಾಕ್‌ನ ಕೊನೆಯ ಜೀವಿ ಬಂಡೆಗಳನ್ನು ಪೋಣಿಸಿದಂತಿರುವ ಹಾವು, ಓನಿಕ್ಸ್. ಅದರ ಲೆವೆಲ್ 14. ತೊಂಬತ್ತೊಂಬತ್ತು ಹದಿನಾಲ್ಕಲೇ 1386. ನಮ್ಮ ಹುಡುಗನ ಯಂತ್ರದಲ್ಲಿದ್ದದ್ದು ಇದೇ ಕತೆಯನ್ನು 2004ರಲ್ಲಿ ಹೊಸದಾಗಿ ಮಾಡಿದ ಫೈರ್‌ರೆಡ್. ಅದರಲ್ಲಿ ಬಲೆಯ ಹುಡುಗನ ದರ 12ಕ್ಕೆ ಏರಿದೆ, ಆದ್ದರಿಂದ 72.

ಕೊನೆಯ ಜೀವಿಯೇ ಯಾಕೆ, ಎಲ್ಲದರ ಸರಾಸರಿ ಯಾಕಲ್ಲ? ಗಣಿತದವನಿಗೆ ಬಾಯಲ್ಲಿ ನೀರೂರಿಸುವ ಜಾಗ ಇದು. ಹಳೆಯ ಗೇಮ್ ಬಾಯ್‌ನ ಪ್ರೊಸೆಸರ್‌ಗೆ ಗುಣಾಕಾರದ ಆದೇಶವೇ ಇರಲಿಲ್ಲ, ಅದಕ್ಕೆ ಬರುತ್ತಿದ್ದದ್ದು ಕೂಡುವುದು, ಕಳೆಯುವುದು. ಎದುರಾಳಿಯ ಜೀವಿಗಳನ್ನು ಅದು ಒಂದೊಂದಾಗಿ ಓದಿಕೊಳ್ಳುತ್ತದೆ. ಲೆವೆಲ್ ಬರೆದಿಡಲು ಇರುವುದು ಒಂದೇ ಗೂಡು, ಹೊಸದು ಬಂದಂತೆ ಹಳೆಯದು ಅಳಿಯುತ್ತದೆ. ಓದಿ ಮುಗಿದಾಗ ಗೂಡಿನಲ್ಲಿ ಉಳಿದಿರುವುದು ಕೊನೆಯ ಜೀವಿಯ ಅಂಕಿ. ಯಂತ್ರ ಅದನ್ನೇ ಹಿಡಿದು, ದರವನ್ನು ಅಷ್ಟು ಸಲ ಕೂಡುತ್ತದೆ. 99, 198, 297, 396... ಮಗ್ಗಿ ಬಾರದ ಹುಡುಗ ಬೆರಳು ಮಡಚುತ್ತಾ ಕೂಡಿದ ಹಾಗೆ, ಹದಿನಾಲ್ಕು ಸಲ. ತಂಡದ ಬಲಶಾಲಿ ಸಾಮಾನ್ಯವಾಗಿ ಕೊನೆಗೇ ಬರುವುದರಿಂದ ಈ ಅಡ್ಡದಾರಿ ನ್ಯಾಯದಂತೆಯೂ ಕಾಣುತ್ತದೆ.

ಸೂತ್ರ ತಿಳಿಯಿತು. ಆದರೆ ಅಮ್ಮನ ಪ್ರಶ್ನೆ ಸೂತ್ರದ್ದಲ್ಲವಲ್ಲ. ಈ ದುಡ್ಡಿಗೆ ಏನೆಂದು ಕರೆಯಬೇಕು?

ಆಟ ಇದನ್ನು ಬಹುಮಾನ ಎನ್ನುತ್ತದೆ. ನಮ್ಮಲ್ಲಿ ಬಹುಮಾನ ಕೊಡುವವರು ಆಟ ಏರ್ಪಡಿಸಿದವರು. ಕುಸ್ತಿಯಲ್ಲಿ ಚಿತ್ತಾದವನು ಎದ್ದು ಮಣ್ಣು ಕೊಡವಿಕೊಂಡು ಗೆದ್ದವನಿಗೆ ತಾನೇ ಬೆಳ್ಳಿ ಗದೆ ಕೊಡುವುದಿಲ್ಲ. ಹಾಗಾದರೆ ಪಣವೇ? ಪಣವೆಂದರೆ ಧರ್ಮರಾಯನ ಪಗಡೆ, ಆಡುವ ಮೊದಲು ಏನು ಇಟ್ಟೆ ಎಂದು ಬಾಯಿಬಿಟ್ಟು ಹೇಳಬೇಕು. ಇಲ್ಲಿ ಬಲೆಯ ಹುಡುಗ ನಿಮ್ಮನ್ನು ಕಂಡೊಡನೆ ಓಡಿ ಬರುತ್ತಾನೆ, ಮೊತ್ತದ ಮಾತೇ ಇಲ್ಲ. ದಂಡವೇ? ಅವನು ತಪ್ಪೇನೂ ಮಾಡಲಿಲ್ಲ. ನನಗೆ ಸರಿ ಅನ್ನಿಸುವ ಪದ ಕಪ್ಪ. ರಾಜಸೂಯಕ್ಕೆ ಮೊದಲು ಧರ್ಮರಾಯನ ನಾಲ್ವರು ತಮ್ಮಂದಿರು ನಾಲ್ಕು ದಿಕ್ಕಿಗೆ ಹೊರಟು ಹೋದಲ್ಲೆಲ್ಲ ಕಾದಾಡಿ ಗೆದ್ದರಲ್ಲ, ಆಗ ಸೋತ ಅರಸರು ಕೊಟ್ಟದ್ದು ಅದು. ಕಪ್ಪ ಕೊಟ್ಟವರ ತಲೆಯೂ ಹೋಗಲಿಲ್ಲ, ಪಟ್ಟವೂ ಹೋಗಲಿಲ್ಲ. ಪಾಳೆಯಗಾರ ತನ್ನ ಯೋಗ್ಯತೆಗೆ ತಕ್ಕಷ್ಟು, ಮಹಾರಾಜ ತನ್ನ ಯೋಗ್ಯತೆಗೆ ತಕ್ಕಷ್ಟು. ಎಷ್ಟು ಎಂಬುದನ್ನು ತೀರ್ಮಾನಿಸುವುದು ಸೋತವನ ಅಂತಸ್ತು. ದರ ಮತ್ತು ಲೆವೆಲ್‌ಗಳ ಸೂತ್ರ ಹೇಳುವುದೂ ಅದನ್ನೇ. ಗೆದ್ದವನು ಎಷ್ಟು ಕಷ್ಟಪಟ್ಟ ಎಂಬುದಕ್ಕೆ ಅದರಲ್ಲಿ ಜಾಗವೇ ಇಲ್ಲ.

ಅಂತಸ್ತು ಎಂದೆ. ಬಲ ಎನ್ನಲಿಲ್ಲ. 2004ರ ಇನ್ನೊಂದು ಆಟ ಎಮರಾಲ್ಡ್‌ನಲ್ಲಿ ಇದು ಬಹಳ ಚೆನ್ನಾಗಿ ಕಾಣುತ್ತದೆ. ಅಲ್ಲಿ 104ನೇ ದಾರಿಯಲ್ಲಿ ಸಿರಿವಂತರ ಮನೆಯ ಹುಡುಗನೊಬ್ಬ ನಿಂತಿರುತ್ತಾನೆ. ಅವನಲ್ಲಿರುವುದು 7ನೇ ಲೆವೆಲ್‌ನ ಒಂದೇ ಒಂದು ಸಣ್ಣ ಪ್ರಾಣಿ, ಎರಡು ಏಟಿಗೆ ಮಲಗುವಂಥದ್ದು. ಆದರೆ ಅವನ ಜಾತಿಯ ದರ 200, ಹಾಗಾಗಿ ನಿಮಗೆ 1400. ಆ ಸೀಮೆಯ ಮೊದಲ ಜಿಮ್ ಲೀಡರ್ ರಾಕ್ಸಾನ್, ಬಂಡೆ ಜೀವಿಗಳನ್ನು ಪಳಗಿಸಿದ ಗುರು, ನೀವು ಬೆವರು ಹರಿಸಿ ಗೆದ್ದರೆ ಕೊಡುವುದು 1500. ಅಪ್ಪನ ಆಸ್ತಿಯ ಹುಡುಗನಿಗೂ ಊರಿನ ಗುರುವಿಗೂ ನಡುವೆ ನೂರರ ಅಂತರ! ಇದನ್ನು ಲೆಕ್ಕ ಹಾಕಿದವನು ಲೋಕ ಕಂಡವನೇ ಇರಬೇಕು.

ಈ ದುಡ್ಡಿನಿಂದ ಏನು ಬರುತ್ತದೆ ಎಂಬುದನ್ನೂ ನೋಡಬೇಕು. ಗಾಯಕ್ಕೆ ಹಾಕುವ ಪೋಷನ್‌ಗೆ 300, ಜೀವಿ ಹಿಡಿಯುವ ಪೋಕೆ ಬಾಲ್‌ಗೆ 200. ಬಲೆಯ ಹುಡುಗನ ಅರವತ್ತರಲ್ಲಿ ಏನೂ ಬರುವುದಿಲ್ಲ. ಬ್ರಾಕ್‌ನ ಕಪ್ಪದಲ್ಲಿ ನಾಲ್ಕು ಪೋಷನ್ ಬಂದು 186 ಉಳಿಯುತ್ತದೆ. ಹಳೆಯ ಆಟದಲ್ಲಿ ದಾರಿಯ ಟ್ರೇನರ್‌ಗಳು ಒಬ್ಬೊಬ್ಬರೂ ಒಂದೇ ಸಲ ಕಾದುತ್ತಾರೆ. ಸೋತ ಮೇಲೆ ಅವರದು ಬರೀ ಮಾತು. ಅಂದರೆ ಆ ಸೀಮೆಯಲ್ಲಿ ನಿಮಗೆ ಸಲ್ಲಬೇಕಾದ ಕಪ್ಪ ಅಳತೆಯದು, ಒಂದೊಂದು ಊರಿಗೆ ಇಷ್ಟಿಷ್ಟೇ ಎಂದು ಮೊದಲೇ ಹಂಚಿಟ್ಟದ್ದು. ದುಂದು ಮಾಡಿದರೆ ಮುಂದಿನ ಗುಹೆಯಲ್ಲಿ ಪೋಷನ್ ಇಲ್ಲದೆ ತಡಕಾಡಬೇಕು. ಮತ್ತೆ ಮತ್ತೆ ಕಾದಬಹುದಾದವರು ಆ ಕೊನೆಯ ಐವರು ಮಹಾಮಲ್ಲರು ಮಾತ್ರ. ಅವರ ಕೊನೆಯ ಜೀವಿಗಳ ಲೆವೆಲ್ 56, 58, 60, 62, 65. ಎಲ್ಲರ ದರವೂ 99. ಒಂದು ಸುತ್ತಿಗೆ 29,799. ಮುಂದಿನ ಆಟಗಳಲ್ಲಿ ಈ ಬಿಗಿ ಸಡಿಲವಾಯಿತು. ಸೋತವರು ಫೋನ್ ಮಾಡಿ ಇನ್ನೊಂದು ಕೈ ನೋಡೋಣ ಅಂತ ಕರೆಯತೊಡಗಿದರು, ಗಳಿಕೆಯನ್ನು ಇಮ್ಮಡಿ ಮಾಡುವ ತಾಯತದ ನಾಣ್ಯ ಬಂತು.

ಸೈಕಲ್ಲಿನ ವಿಷಯ ಹೇಳದೆ ಮುಂದೆ ಹೋಗಲಾರೆ. ಮೊದಲ ಆಟದಲ್ಲಿ ಸೆರೂಲಿಯನ್ ಎಂಬ ಊರಿನ ಅಂಗಡಿಯಲ್ಲಿ ಸೈಕಲ್ಲಿಗೆ 10 ಲಕ್ಷ. ಯಂತ್ರ ನಿಮ್ಮ ದುಡ್ಡನ್ನು ಒಂದು ಬೈಟಿಗೆ ಎರಡಂಕಿಯಂತೆ ಮೂರು ಬೈಟ್‌ಗಳಲ್ಲಿ ಬರೆದಿಡುತ್ತದೆ, ಆರಂಕಿಯ ಆಚೆಗೆ ಜಾಗವಿಲ್ಲ. ನಿಮ್ಮ ಜೇಬಿನಲ್ಲಿ ಹಿಡಿಯುವುದು 9,99,999. ಒಂದೇ ಒಂದು ಕಡಿಮೆ! ಇಡೀ ಲೋಕದ ಕಪ್ಪ ತಂದು ಸುರಿದರೂ ಅಂಗಡಿಯವನು ತಲೆ ಅಲ್ಲಾಡಿಸುತ್ತಾನೆ. ಕೊನೆಗೆ ಸೈಕಲ್ ಸಿಗುವುದು ಬೇರೊಂದು ಊರಿನಲ್ಲಿ ಮುದುಕನೊಬ್ಬ ತನ್ನ ಮುದ್ದಿನ ಜೀವಿಯ ಬಗ್ಗೆ ಕೊರೆಯುವುದನ್ನು ತಾಳ್ಮೆಯಿಂದ ಕೇಳಿಸಿಕೊಂಡು, ಅವನು ಕೊಟ್ಟ ಚೀಟಿ ತಂದು ತೋರಿಸಿದಾಗ, ಪುಕ್ಕಟೆಯಾಗಿ.

ಇನ್ನು ನೀವೇ ಸೋತರೆ? ಈ ಪ್ರಶ್ನೆಗೆ 1996ರ ಆಟ ಕೊಟ್ಟ ಉತ್ತರ ಒರಟು. ಕಣ್ಣು ಕತ್ತಲೆಗಟ್ಟುತ್ತದೆ, ಎಚ್ಚರವಾದಾಗ ಜೇಬಿನಲ್ಲಿ ಅರ್ಧ ದುಡ್ಡಿಲ್ಲ. ಡ್ರ್ಯಾಗನ್ ಕ್ವೆಸ್ಟ್‌ನಲ್ಲೂ ಸತ್ತರೆ ಅರ್ಧ ಚಿನ್ನ ಹೋಗುತ್ತಿತ್ತು. ಜೇಬಿನಲ್ಲಿ 50,000 ಇಟ್ಟುಕೊಂಡು ಬಲೆಯ ಹುಡುಗನಿಗೆ ಸೋತರೂ 25,000 ಹೋಯಿತು. ಗೆದ್ದಿದ್ದರೆ ಬರುತ್ತಿದ್ದದ್ದು 60. ಇದರಲ್ಲಿ ಕಪ್ಪದ ನ್ಯಾಯವಿಲ್ಲ, ದರೋಡೆಯ ನ್ಯಾಯವಿದೆ. ಅನುಭವಸ್ಥ ಮಕ್ಕಳು ಇದಕ್ಕೊಂದು ಉಪಾಯ ಕಂಡುಕೊಂಡಿದ್ದರು. ದೊಡ್ಡ ಕಾಳಗಕ್ಕೆ ಮೊದಲು ಅಂಗಡಿಗೆ ಹೋಗಿ ಇದ್ದಬದ್ದ ದುಡ್ಡನ್ನೆಲ್ಲ ಪೋಷನ್ ಮಾಡಿಕೊಳ್ಳುವುದು. ಸೋತರೆ ಸೊನ್ನೆಯಲ್ಲಿ ಅರ್ಧ ಸೊನ್ನೆ, ಪೋಷನ್‌ಗೆ ಯಾರೂ ಕೈ ಹಾಕುವುದಿಲ್ಲ.

2004ರ ಫೈರ್‌ರೆಡ್ ಈ ಗಂಟನ್ನು ಬಿಡಿಸಿತು, ನನಗೆ ಆ ಆಟದ ಮೇಲಿರುವ ಪ್ರೀತಿ ಇದಕ್ಕಾಗಿಯೇ. ಜೇಬಿನಲ್ಲಿ ಎಷ್ಟಿದೆ ಎಂದು ಅದು ಮೊದಲು ನೋಡುವುದಿಲ್ಲ. ನಿಮ್ಮ ತಂಡದಲ್ಲಿ ಎಲ್ಲಕ್ಕಿಂತ ಬಲಿತ ಜೀವಿಯ ಲೆವೆಲ್ ತೆಗೆದುಕೊಂಡು, ಅದನ್ನು ನಿಮ್ಮ ದರದಿಂದ ಗುಣಿಸುತ್ತದೆ. ಹೌದು, ನಿಮಗೂ ಒಂದು ದರ! ಒಂದೂ ಬ್ಯಾಡ್ಜ್ ಇಲ್ಲದವರ ದರ 8, ಒಂದಿದ್ದರೆ 16, ಎರಡಕ್ಕೆ 24, ಆಮೇಲೆ 36, 48, 64, 80, ಏಳಕ್ಕೆ 100, ಎಂಟಕ್ಕೆ 120. ಇದನ್ನು ಎದುರಾಳಿಗಳ ದರದ ಪಕ್ಕ ಇಟ್ಟು ನೋಡಿ. ಊರು ಬಿಟ್ಟು ಹೊರಟ ದಿನ ನಿಮ್ಮ ದರ 8, ಬಲೆಯ ಹುಡುಗನ 12ಕ್ಕಿಂತಲೂ ಕಡಿಮೆ. ಅವನು ನಿಮಗಿಂತ ಅಂತಸ್ತಿನವನು. ಏಳನೆಯ ಬ್ಯಾಡ್ಜ್ ಸಿಕ್ಕ ದಿನ ನಿಮ್ಮ ದರ 100. ಆ ಆಟದಲ್ಲಿ ಜಿಮ್ ಲೀಡರ್‌ಗಳ ದರವೂ ಅಷ್ಟೇ. ಎಂಟನೆಯದು ಬಂದಾಗ ಗುರುಗಳನ್ನೂ ದಾಟಿರುತ್ತೀರಿ. ನೀವು ಆ ಲೋಕದಲ್ಲಿ ಯಾರು ಎಂಬುದನ್ನು ಆಟ ಬಾಯಿಬಿಟ್ಟು ಎಲ್ಲೂ ಹೇಳದೆ, ಸೋತಾಗ ಕೊಡಬೇಕಾದ ಮೊತ್ತದಲ್ಲಿ ಬರೆದಿಟ್ಟಿದೆ.

ಮಾತಿನಲ್ಲೂ ತಿದ್ದುಪಡಿ ಆಯಿತು. ಕಾಡಿನ ಜೀವಿಯ ಮುಂದೆ ಸೋತರೆ, ಗಾಬರಿಯಲ್ಲಿ ಇಷ್ಟು ದುಡ್ಡು ಕಳೆದುಕೊಂಡೆ ಎನ್ನುತ್ತದೆ. ಟ್ರೇನರ್ ಮುಂದೆ ಸೋತರೆ, ಬಹುಮಾನವಾಗಿ ಇಷ್ಟು ಕೊಟ್ಟೆ ಎನ್ನುತ್ತದೆ. ಜೇಬು ಇರುವವರಿಗೂ ಇಲ್ಲದವರಿಗೂ ಇರುವ ಭೇದ ಇಲ್ಲೂ ಉಳಿದಿದೆ.

ಒಂದು ಕಡೆ ಮಾತ್ರ ಕಪ್ಪ ಇಲ್ಲ. ಎರಡು ಗೇಮ್ ಬಾಯ್‌ಗಳನ್ನು ಕೇಬಲ್‌ನಿಂದ ಜೋಡಿಸಿ ಇಬ್ಬರು ಗೆಳೆಯರು ಕಾದಬಹುದು. ಅಲ್ಲಿ ಗೆದ್ದವನಿಗೆ ಒಂದು ಕಾಸೂ ಬರುವುದಿಲ್ಲ, ಸೋತವನಿಂದ ಒಂದು ಕಾಸೂ ಹೋಗುವುದಿಲ್ಲ. ಬಂದಿದ್ದರೆ ಶಾಲೆಯ ಹಿಂದಿನ ಕಟ್ಟೆಯ ಮೇಲೆ ಏನೇನು ನಡೆಯುತ್ತಿತ್ತೋ, ಮೇಷ್ಟರಾದ ನಾನು ಬಲ್ಲೆ.

ರಜೆ ಮುಗಿಯಲು ಇನ್ನು ಎರಡು ದಿನ ಇತ್ತು. ಹುಡುಗ ಮೂರನೆಯ ಜಿಮ್ ಲೀಡರ್ ಮುಂದೆ ಮುಗ್ಗರಿಸಿದ. ಮುಖ ಸಣ್ಣದು ಮಾಡಿಕೊಂಡು ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತ. ಎಷ್ಟು ಹೋಯಿತು ಎಂದು ಕೇಳಿದೆ.

"552, ಮಾವ."

"ಎರಡು ಬ್ಯಾಡ್ಜ್. ನಿನ್ನ ದರ 24. ದೊಡ್ಡದು 23ನೇ ಲೆವೆಲ್ ಇರಬೇಕು."

"ನಿಮಗೆ ಹೇಗೆ ಗೊತ್ತಾಯ್ತು?"

ನಾನು ಬಾಯಿ ತೆರೆಯುವ ಮೊದಲು ಒಲೆಯ ಮುಂದಿನಿಂದ ಅಮ್ಮ ಕೇಳಿದಳು: "ಆ ಹುಳ ಹಿಡಿಯೋ ಹುಡುಗನಿಗೇ ಸೋತ್ಯಾ?"

"ಅಲ್ಲ ಅಜ್ಜಿ, ದೊಡ್ಡೋರಿಗೆ."

"ಅವನಿಗೆ ಸೋತಿದ್ರೆ ಚೆನ್ನಾಗಿತ್ತು," ಎಂದು ಅಮ್ಮ ಸೌಟು ತಿರುಗಿಸಿದಳು.